ಶ್ರೀ ಇಲ್ಲದ ಹಾಳೆಗಳು

ನಮ್ಮ ಮನೆಯಲ್ಲಿ ಯಾವ ಕಾಗದ ಒಲೆಗೆ ಹಾಕಬಹುದು, ಯಾವುದು ಹಾಕಬಾರದು ಎಂದು ಕಾನೂನು ಮಾಡಿದವಳು ನಾನು. ಆಗ ನನಗೆ ಹತ್ತು ವರ್ಷ, ಐದನೇ ಕ್ಲಾಸು. ಬಿಳಿಚೋಡಿನಲ್ಲಿ ನಮ್ಮದು ಉದ್ದನೆಯ ಮಣ್ಣಿನ ಮಾಳಿಗೆ ಮನೆ. ತಲೆಬಾಗಿಲು ದಾಟಿದರೆ ಎತ್ತು ಕಟ್ಟುವ ಜಾಗ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಎಡಕ್ಕೆ ದೊಡ್ಡಪ್ಪನ ಕೋಣೆ, ಬಲಕ್ಕೆ ಅಡುಗೆಮನೆ, ಎಲ್ಲಕ್ಕಿಂತ ಹಿಂದೆ ಬಚ್ಚಲು. ಬಚ್ಚಲ ಹಂಡೆಯ ಒಲೆ ಅಜ್ಜಿಯ ರಾಜ್ಯ. ಶೇಂಗಾ ಹೊಟ್ಟು, ತೊಗರಿ ಕಟ್ಟಿಗೆ, ಹರಿದ ಚಾಪೆ, ಕೈಗೆ ಸಿಕ್ಕಿದ ಕಾಗದ, ಏನಿದ್ದರೂ ಅಲ್ಲಿಗೇ. ಒಂದು ದಿನ ನನ್ನ ಲೆಕ್ಕದ ನೋಟ್ ಪುಸ್ತಕವೂ ಹೋಯಿತು. ಅರ್ಧ ಬರೆದಿದ್ದ ಪುಸ್ತಕ. ನಾನು ಅತ್ತು ರಂಪ ಮಾಡಿ ಊಟ ಬಿಟ್ಟೆ. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ, ಯಾವುದು ಬೇಕಾದ್ದು ಯಾವುದು ಬೇಡವಾದ್ದು ಎಂದು ಅವಳಿಗೆ ಗೊತ್ತಾಗುವುದಾದರೂ ಹೇಗೆ? ಆಗ ನನಗೊಂದು ಉಪಾಯ ಹೊಳೆಯಿತು. ಶಾಲೆಯಲ್ಲಿ ನಮಗೆ ಪ್ರತಿ ಹಾಳೆಯ ನೆತ್ತಿಯ ಮೇಲೆ ಶ್ರೀ ಬರೆದೇ ಮುಂದಿನದು ಬರೆಯುವ ರೂಢಿ ಮಾಡಿಸಿದ್ದರು. ಬಚ್ಚಲ ಗೋಡೆಗೆ ಇದ್ದಿಲಿನಲ್ಲಿ ದೊಡ್ಡದಾಗಿ ಶ್ರೀ ಬರೆದು ಅಜ್ಜಿಯ ಬೆರಳು ಹಿಡಿದು ಅದರ ಮೇಲೆ ಆಡಿಸಿದೆ.

"ಇದು ದೇವರ ಗುರುತು ಅಜ್ಜಿ. ಇದು ಇರೋ ಕಾಗದ ಸುಟ್ರೆ ಪಾಪ ಬರ್ತೈತೆ."

"ಇದು ಇಲ್ದಿದ್ರೆ?"

"ಇಲ್ದಿದ್ರೆ ಸುಡು, ಏನಾಗಲ್ಲ."

ಆ ಕೊನೆಯ ಮಾತನ್ನು ನಾನು ಯಾಕೆ ಆಡಿದೆನೋ ಗೊತ್ತಿಲ್ಲ. ಕಾನೂನು ಪೂರ್ತಿ ಆಗಲಿ ಅಂತಿರಬೇಕು. ಅವತ್ತಿನಿಂದ ಅಜ್ಜಿ ಒಲೆ ಮುಂದೆ ಕೂತು ಪ್ರತಿ ಚೂರನ್ನೂ ಕಣ್ಣಿಗೆ ಹತ್ತಿರ ಹಿಡಿದು ಮೇಲಿನ ಅಂಚು ನೋಡುತ್ತಿದ್ದಳು. ಶ್ರೀ ಇದ್ದರೆ ಕಣ್ಣಿಗೆ ಒತ್ತಿಕೊಂಡು ಪಕ್ಕಕ್ಕೆ ಇಡುವಳು. ಹೀಗೆ ಮದುವೆ ಕಾಗದ, ಮಠದ ಪಾವತಿ, ನನ್ನ ಹಳೇ ಪರೀಕ್ಷೆ ಪೇಪರು ಎಲ್ಲಾ ದೇವರ ಜಗಲಿಯ ಕೆಳಗೆ ಒಂದು ಡಬ್ಬಿ ತುಂಬಿದವು. ನಾನು ಬುದ್ಧಿವಂತೆ ಎಂದು ಅಜ್ಜಿ ಬೀದಿಗೆಲ್ಲ ಹೇಳಿದಳು.

ದೊಡ್ಡಪ್ಪ ಹಾಳೆಯ ಮೇಲೆ ಶ್ರೀ ಬರೆಯುವ ಆಸಾಮಿ ಅಲ್ಲ. ಅವನು ನ್ಯಾಮತಿಯಲ್ಲಿ ಮೇಷ್ಟ್ರಾಗಿದ್ದ. ಅಲ್ಲಿನ ಒಬ್ಬ ದೊಡ್ಡ ಜಮೀನುದಾರನ ಹೊಲದ ಆಳುಗಳ ಬಗ್ಗೆ ಸಣ್ಣ ಪುಸ್ತಕ ಬರೆದು ಅಚ್ಚು ಹಾಕಿಸಿದ. ಶಾಲೆ ನಡೆಸುತ್ತಿದ್ದವನೂ ಅದೇ ಜಮೀನುದಾರ. ಕೆಲಸ ಹೋಯಿತು. ಒಂದು ಟ್ರಂಕು ಪುಸ್ತಕ ಹೊತ್ತುಕೊಂಡು ಊರಿಗೆ ಬಂದವನು ಮದುವೆ ಆಗಲಿಲ್ಲ, ಬೇರೆ ನೌಕರಿ ಹುಡುಕಲಿಲ್ಲ, ಬರೆಯುತ್ತಾ ಕೂತ. ಹೊನ್ನಾಳಿ, ಚನ್ನಗಿರಿ ಕಡೆಯಿಂದ ಹುಡುಗರು ಬಸ್ಸಿಳಿದು ಮೇಷ್ಟ್ರ ಮನೆ ಯಾವುದು ಎಂದು ಕೇಳಿಕೊಂಡು ಬರುತ್ತಿದ್ದರು. ಅವರಲ್ಲಿ ಕೆಲವರು ಮುಂದೆ ಕೂಲಿಯವರ ಸಂಘ ಕಟ್ಟಿದರು, ಕೆಲವರು ಜೀತದವರನ್ನು ಬಿಡಿಸಿದರು, ಒಂದಿಬ್ಬರು ಎಲೆಕ್ಷನ್ನಿಗೆ ನಿಂತು ಅವನ ಕಣ್ಣಿಗೆ ಬೀಳದ ಹಾಗೆ ಓಡಾಡಿದರು. ದೊಡ್ಡಪ್ಪ ಬಂದ ವಾರದಲ್ಲೇ ಕೊರಳಿನ ಲಿಂಗ ತೆಗೆದು ದೇವರ ಜಗಲಿಯ ಮೇಲೆ ಇಟ್ಟು, ನನಗೆ ಇದು ಬೇಡ ಅವ್ವಾ, ಎಂದಿದ್ದ. ಅಜ್ಜಿ ಮಾರನೇ ದಿನದಿಂದ ತನ್ನ ಲಿಂಗದ ಜೊತೆ ಅವನದಕ್ಕೂ ನೀರು ಹಾಕಿ, ವಿಭೂತಿ ಹಚ್ಚಿ, ಎರಡು ಪೂಜೆ ಮಾಡತೊಡಗಿದಳು. ಅವನ ಪಾಲಿನದು ನಾನು ಮಾಡ್ತೀನಿ, ಅವನಿಗೆ ಪುರುಸೊತ್ತಿಲ್ಲ, ಎಂದು ಕೇಳಿದವರಿಗೆ ಹೇಳುತ್ತಿದ್ದಳು.

ಬೇಸಿಗೆ ಬಂತೆಂದರೆ ನಮ್ಮ ಪಡಸಾಲೆಯಲ್ಲಿ ಶೇಂಗಾ ಸುಲಿಯುವ ಕೆಲಸ. ಬಿತ್ತನೆ ಬೀಜ ಕೈಯಲ್ಲೇ ಸುಲಿಯಬೇಕು, ಬಡಿದರೆ ಬೀಜ ಒಡೆದು ಮೊಳೆಯುವುದಿಲ್ಲ. ಹನುಮಕ್ಕ, ದುರುಗಮ್ಮ, ಇನ್ನೂ ನಾಲ್ಕೈದು ಹೆಂಗಸರು ನೀರು ಚಿಮುಕಿಸಿದ ಕಾಯಿಗಳ ರಾಶಿ ಮುಂದಿಟ್ಟುಕೊಂಡು ಮಧ್ಯಾಹ್ನವೆಲ್ಲ ಚಟಚಟ ಸುಲಿಯುವರು. ದೊಡ್ಡಪ್ಪ ಕಂಬಕ್ಕೆ ಒರಗಿ, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ಬೆಳಿಗ್ಗೆ ಬರೆದಿದ್ದನ್ನು ಅವರಿಗೆ ಓದುವನು. ಓದುವಾಗ ಒಂದು ಕಣ್ಣು ಹಾಳೆಯ ಮೇಲೆ, ಇನ್ನೊಂದು ಅವರ ಕೈಗಳ ಮೇಲೆ. ಕೈ ಓಡುತ್ತಿದ್ದರೆ ಅವರು ಕೇಳುತ್ತಿಲ್ಲ ಎಂದರ್ಥ. ಕೈ ನಿಂತರೆ, ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಗೀಟು. ಚೆನ್ನಾಗೈತಾ ಎಂದು ಯಾವತ್ತೂ ಕೇಳಿದವನಲ್ಲ. ಕೇಳಿದರೆ ಮರ್ಯಾದೆಗೆ ಹೂಂ ಅಂತಾರೆ, ಬೆರಳಿಗೆ ಮರ್ಯಾದೆ ಗೊತ್ತಿಲ್ಲ, ಎನ್ನುತ್ತಿದ್ದ. ಅಜ್ಜಿಗೆ ಇದು ಕಂಡರೆ ಆಗದು. ಅಡುಗೆಮನೆಯಲ್ಲಿ ಪಡಸಾಲೆಗೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಲೇ ಗೊಣಗುವಳು.

"ನೀನು ಓದೋದು ಅವರು ಕೈ ಬಿಟ್ಕೊಂಡು ಕೂರೋದು. ಹಿಂಗಾದ್ರೆ ಮಳೆ ಬಂದ ದಿನ ಏನು ಬಿತ್ತಾಕೆ ಆಗ್ತೈತೆ?"

"ಇವತ್ತು ಮೂರು ಸಲ ಕೈ ನಿಂತ್ವು ಅವ್ವ," ಎಂದು ಅವನು ನಗುವನು. ಆ ಬೇಸಿಗೆ ಅವನು ಬರೆದದ್ದು ದೊಡ್ಡ ಪುಸ್ತಕ. ಹೆಂಗಸರು ಅದಕ್ಕೆ ಕೂಲಿ ಪುಸ್ತಕ ಎಂದು ಹೆಸರಿಟ್ಟರು. ಕೈ ನಿಲ್ಲದ ಪುಟಗಳೇ ಜಾಸ್ತಿ ಇದ್ದವು, ಅವನ್ನೇ ಅವನು ಹೆಚ್ಚು ಇಷ್ಟಪಟ್ಟು ಓದುತ್ತಿದ್ದ. ಬರೆದು ಮುಗಿಸಿ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಅಟ್ಟದ ಮೇಲೆ ಇಟ್ಟ. ಅದಕ್ಕೆ ನಕಲು ಇರಲಿಲ್ಲ.

ತುರ್ತು ಪರಿಸ್ಥಿತಿಯ ಕಾಲ. ಮಳೆಗಾಲದಲ್ಲಿ ಚನ್ನಗಿರಿಗೆ ಭಾಷಣಕ್ಕೆ ಹೋದ ದೊಡ್ಡಪ್ಪನನ್ನು ಅಲ್ಲಿನ ಬಸ್ ಸ್ಟ್ಯಾಂಡಿನಲ್ಲೇ ಪೊಲೀಸರು ಹಿಡಿದರು. ಬೆಳಗಿನ ಬಸ್ಸಿನ ಕಂಡಕ್ಟರ್ ಮನೆ ಮುಂದೆ ಬಸ್ ನಿಲ್ಲಿಸಿ ಅಪ್ಪನಿಗೆ ಹೇಳಿ ಹೋದ. ಇವತ್ತೋ ನಾಳೆಯೋ ಮನೆ ಜಾಲಾಡಾಕೆ ಬರ್ತಾರೆ, ಎಂದನಂತೆ. ಅಪ್ಪ ಚನ್ನಗಿರಿಗೆ ಓಡಿದ, ನಾನು ಶಾಲೆಗೆ ಹೋದೆ. ಮಧ್ಯಾಹ್ನ ಊಟಕ್ಕೆ ಬಂದಾಗ ಬಚ್ಚಲಿಂದ ಹೊಗೆ. ಸೋಮವಾರ ಅಲ್ಲ, ಹಬ್ಬ ಅಲ್ಲ, ಹಂಡೆ ತುಂಬ ನೀರು ಮರಳುತ್ತಿತ್ತು. ಅಜ್ಜಿಯ ಮುಖ ಕೆಂಪಗಾಗಿತ್ತು.

"ಬಾ, ನೀರು ಸುಮ್ನೆ ಹಾಳಾಗ್ತೈತೆ, ತಲೆಗೆ ಎರೀತೀನಿ," ಎಂದಳು.

ಸೀಗೆಪುಡಿ ಹಾಕಿ ಉಜ್ಜಿ ಉಜ್ಜಿ ಎರೆದಳು. ಅಷ್ಟು ಹದವಾದ ನೀರನ್ನು ನಾನು ಆಮೇಲೆ ಮೈಮೇಲೆ ಹಾಕಿಕೊಂಡದ್ದು ನೆನಪಿಲ್ಲ. ಟವಲು ಸುತ್ತಿಕೊಂಡು ಹೊರಗೆ ಬಂದಾಗ ಒಲೆ ಬಾಯಿಯ ಹತ್ತಿರ ಆ ಕೆಂಪು ಬಟ್ಟೆ ಮಡಚಿ ಇಟ್ಟಿತ್ತು. ಬಟ್ಟೆ ಗಟ್ಟಿ ಐತೆ, ಮಸಿಬಟ್ಟೆಗೆ ಆಗ್ತೈತೆ, ಎಂದಳು ಅಜ್ಜಿ. ಆಮೇಲೆ ಅವಳೇ ಹೇಳಿದಳು.

"ಒಂದೊಂದೇ ನೋಡಿದೀನಿ ಮಗಾ. ನೀನು ಹೇಳಿದಂಗೇ ನೋಡಿ ಹಾಕಿದೀನಿ. ಒಂದ್ರಾಗೂ ಆ ಗುರುತು ಇರಲಿಲ್ಲ."

ಎರಡು ದಿನ ಬಿಟ್ಟು ಜಗಳೂರಿನಿಂದ ಇಬ್ಬರು ಪೊಲೀಸರು ಬಂದರು. ಚಪ್ಪಲಿ ಹೊರಗೆ ಬಿಟ್ಟು, ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದು, ಅಟ್ಟ ಹತ್ತಿ ಇಳಿದರು. ದೊಡ್ಡಪ್ಪನ ಕೋಣೆಯಲ್ಲಿ ಅಚ್ಚಾದ ಪುಸ್ತಕಗಳು ಸಿಕ್ಕವು, ಕೈಬರಹದ್ದು ಒಂದು ಚೂರೂ ಸಿಗಲಿಲ್ಲ. ದೇವರ ಜಗಲಿಯ ಕೆಳಗಿನ ಡಬ್ಬಿ ಬಿಚ್ಚಿದರೆ ಮದುವೆ ಕಾಗದಗಳು, ನನ್ನ ಪರೀಕ್ಷೆ ಪೇಪರುಗಳು. ಇಷ್ಟೇನೇನಮ್ಮ ಎಂದು ಕೇಳಿದರು. ಇಷ್ಟೇ ಕಣಪ್ಪ, ಎಂದಳು ಅಜ್ಜಿ. ಆ ಪುಸ್ತಕ ಸಿಕ್ಕಿದ್ದರೆ ಅವನನ್ನು ಇನ್ನೂ ಎಷ್ಟು ದಿನ ಇಟ್ಟುಕೊಳ್ಳುತ್ತಿದ್ದರೋ ಎಂದು ಆಮೇಲೆ ಅಪ್ಪ ಬಹಳ ಸಲ ಹೇಳಿದ. ಅದು ನಿಜವೇ ಇರಬಹುದು. ನಾನು ಮಾತ್ರ ಆ ಡಬ್ಬಿಯ ಕಡೆ ನೋಡದೆ ಓಡಾಡುತ್ತಿದ್ದೆ. ಗುರುತು ಹೇಳಿಕೊಟ್ಟವಳು ನಾನು. ಇದನ್ನು ಯಾರಿಗೂ ಹೇಳಲಿಲ್ಲ. ಅಜ್ಜಿಯೂ ಹೇಳಲಿಲ್ಲ, ನನ್ನ ಮೇಲೆ ಹಾಕಿ ತಾನು ಪಾರಾಗಬಹುದಿತ್ತು.

ಮುಂದಿನ ಬೇಸಿಗೆಯ ಹೊತ್ತಿಗೆ ದೊಡ್ಡಪ್ಪನನ್ನು ಬಿಟ್ಟರು. ತಲೆ ಅರ್ಧ ಬೆಳ್ಳಗಾಗಿತ್ತು. ಬಂದವನು ಕಾಲು ತೊಳೆದು, ನೇರ ಏಣಿ ಹತ್ತಿ ಅಟ್ಟದ ಮೇಲೆ ಕೈಯಾಡಿಸಿದ. ಕೆಳಗೆ ನಿಂತಿದ್ದ ಅಜ್ಜಿ ಹೇಳಿದಳು, ಪೊಲೀಸರು ಬರ್ತಾರೆ ಅಂತ ಸುಟ್ಟೆ ಕಣಪ್ಪ, ಅಂತ. ಬೈಯುತ್ತಾನೆ, ಏನಾದರೂ ಎಸೆಯುತ್ತಾನೆ ಎಂದು ನಮ್ಮವ್ವ ನನ್ನನ್ನು ಹಿಂದಕ್ಕೆ ಎಳೆದುಕೊಂಡಳು. ಅವನು ಇಳಿದು ಬಂದು ಕೇಳಿದ್ದು ಇಷ್ಟೇ.

"ನೀವು ಊಟ ಮಾಡಿದ್ರಾ?"

ಅಷ್ಟು ವರ್ಷ ಅವ್ವ, ನೀನು, ತಾ, ಹಾಕು ಎನ್ನುತ್ತಿದ್ದವನು ಅವತ್ತಿನಿಂದ ಹೆತ್ತ ತಾಯಿಗೆ ರೀ ಹಚ್ಚತೊಡಗಿದ. ನೀರು ಕೊಡ್ರಿ. ಸಾಕು ಬಿಡ್ರಿ. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸನ್ನು ಮಾತಾಡಿಸಿದ ಹಾಗೆ. ಜಗಳ ಆಗಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು, ಈ ಮರ್ಯಾದೆ ಮುಗಿಯಲಿಲ್ಲ. ಮೊದಲ ರೊಟ್ಟಿ ಅವನ ತಟ್ಟೆಗೆ ಹಾಕುವುದು ಅಜ್ಜಿಯ ಪದ್ಧತಿ. ಅವಳು ಹಾಕಿದರೆ ತಿನ್ನುವನು, ಇನ್ನೊಂದು ಕೇಳುತ್ತಿರಲಿಲ್ಲ. ಅಪ್ಪನಿಗೆ ಸಿಟ್ಟು ಬಂದು ಒಂದು ದಿನ ಊಟಕ್ಕೆ ಕೂತಾಗ ಅಂದೇಬಿಟ್ಟ.

"ಜೈಲಿಂದ ನಿನ್ನ ಉಳಿಸಾಕೆ ಮಾಡಿದ್ದು ಅದು. ಆಕೆಗೆ ಏನು ಗೊತ್ತು?"

"ಅವರು ಮಾಡಿದ್ದು ತಪ್ಪು ಅಂತ ನಾನೆಲ್ಲಿ ಅಂದೆ?" ಎಂದ ದೊಡ್ಡಪ್ಪ, ತಟ್ಟೆಯಲ್ಲೇ ಕೈ ತೊಳೆದ.

ಅಜ್ಜಿ ಅವತ್ತು ಬಚ್ಚಲಲ್ಲಿ ಕೂತು ಅತ್ತಳು. "ಬೈಲಿ, ಎರಡು ಹೊಡೀಲಿ. ನನ್ನ ಮಗ ನನಗೆ ಅವರು ಅಂತಾನೆ." ಅವಳ ಹಿಂದೆ ಗೋಡೆಯ ಮೇಲೆ ನಾನು ಬರೆದ ಇದ್ದಿಲಿನ ಶ್ರೀ ಹೊಗೆ ಹಿಡಿದು ಇನ್ನೂ ಇತ್ತು. ನನಗೆ ನಾನು ಸತ್ತು ಹೋಗಬಾರದೇ ಅನ್ನಿಸಿತ್ತು. ಹನ್ನೊಂದು ವರ್ಷದ ಹುಡುಗಿಗೆ ಹಾಗೆ ಅನ್ನಿಸುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಶೇಂಗಾ ಸುಲಿಯುವ ಕೆಲಸ ಶುರುವಾಯಿತು. ದೊಡ್ಡಪ್ಪ ಕೋಣೆಯಿಂದ ಹೊರಗೆ ಬರಲಿಲ್ಲ. ಕೆಲವು ದಿನ ಹೊಲದ ಕಡೆ ಹೋಗಿ ಕತ್ತಲಾಗುವ ಮುಂಚೆ ಬರುವನು. ಮೇಷ್ಟ್ರು ಯಾಕೆ ಓದ್ತಿಲ್ಲ ಎಂದು ಹನುಮಕ್ಕ ಕೇಳಿದಳು. ನಮ್ಮವ್ವ ಸಣ್ಣ ದನಿಯಲ್ಲಿ ಎಲ್ಲಾ ಹೇಳಿದಳು. ಹನುಮಕ್ಕ ದೊಡ್ಡ ಬಾಯಿಯ ಹೆಂಗಸು, ಊರಿನ ಯಾರಿಗೂ ಹೆದರದವಳು.

"ಅಯ್ಯೋ, ಅದಕ್ಕೆ ಹಿಂಗೆ ಮಕ ಮಾಡ್ಕಂಡು ಓಡಾಡ್ತಾರಾ? ಆ ಬಾವಿ ಕಟ್ಟೋ ಒಡ್ಡರ ಹೆಣ್ಮಗಳದ್ದು ನನ್ನ ತಲ್ಯಾಗೆ ಐತಲ್ಲ. ಕಲ್ಲು ಕಾಲ ಮೇಲೆ ಬಿದ್ರೂ ಬುಟ್ಟಿ ಇಳಿಸಲಿಲ್ಲ ಅಂತ ಬರೆದಿದ್ರು. ಬುಟ್ಟಿ ಇಳಿಸಿದ್ರೆ ಆ ದಿನದ ಕೂಲಿ ಇಲ್ಲ ಅಂತ."

"ಬುಟ್ಟಿ ಅಲ್ಲ, ಮಂಕರಿ ಅಂತ ಓದಿದ್ರು," ಎಂದಳು ದುರುಗಮ್ಮ.

ನಾನು ಎದ್ದು ಹೋಗಿ ಹೊಸ ನೋಟ್ ಪುಸ್ತಕ ತಂದೆ. ಅವತ್ತಿನಿಂದ ದೊಡ್ಡಪ್ಪ ಹೊಲಕ್ಕೆ ಹೋದ ಮಧ್ಯಾಹ್ನಗಳಲ್ಲಿ ಅವರು ಸುಲಿಯುತ್ತಾ ಹೇಳುವುದು, ನಾನು ಬರೆಯುವುದು. ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ತಿದ್ದುವಳು, ಜಗಳ ಆಗುವುದು, ನಾನು ಎರಡನ್ನೂ ಬರೆದುಕೊಳ್ಳುವೆನು. ಜೀತದ ಹುಡುಗ ಒಡೆಯನ ಮಗನ ಶಾಲೆಯ ಕಿಟಕಿಯಲ್ಲಿ ನಿಂತು ಮಗ್ಗಿ ಕಲಿತದ್ದು, ರಾಶಿ ಅಳೆಯುವಾಗ ಒಡೆಯನ ಆಳು ಕೊಳಗದ ಕಾಳನ್ನು ಮೊಣಕಾಲಿನಿಂದ ಒತ್ತಿ ಹೆಚ್ಚು ತುಂಬಿಕೊಳ್ಳುವುದು, ಹೀಗೆ ಒಂದೊಂದೇ ಬಂದವು. ಪೇಟೆ, ಬಂಡವಾಳ, ಚರಿತ್ರೆ ಎಂದು ಅವನು ದನಿ ಏರಿಸಿ ಓದುತ್ತಿದ್ದ ಪುಟಗಳಿದ್ದವಲ್ಲ, ಅವುಗಳಲ್ಲಿ ಒಂದು ಸಾಲೂ ಯಾರಿಗೂ ನೆನಪಿರಲಿಲ್ಲ. ಪ್ರತಿ ಹಾಳೆಯ ಮೇಲೂ ನಾನು ಮೊದಲು ಶ್ರೀ ಬರೆದೆ. ಈ ಸಲ ಒಲೆಗೆ ಹೋಗಬಾರದು ನೋಡಿ.

ಹೆಂಗಸರ ನೆನಪೆಲ್ಲ ಖಾಲಿಯಾದ ದಿನ ಅಡುಗೆಮನೆಯಿಂದ ಅಜ್ಜಿ, ಹಿಂದಕ್ಕೆ ತಿರುಗದೆಯೇ, ಮಾತಾಡಿದಳು.

"ಬದುವಿನ ಮೇಲೆ ಮಲಗಿಸಿದ ಕೂಸಿಂದು ಯಾರೂ ಹೇಳಲಿಲ್ಲ."

ಹನುಮಕ್ಕನಿಗೂ ಅದು ಮರೆತುಹೋಗಿತ್ತು. ಅಜ್ಜಿ ಹಿಟ್ಟು ನಾದುತ್ತಲೇ ಹೇಳುತ್ತಾ ಹೋದಳು, ದೊಡ್ಡಪ್ಪನದೇ ಮಾತಿನಲ್ಲಿ, ಅವನು ಓದುತ್ತಿದ್ದ ಧಾಟಿಯಲ್ಲೇ. ಗಂಡ ಸತ್ತ ಬಸುರಿ ಹೆಂಗಸು ಕಂಡವರ ಹೊಲದಲ್ಲಿ ಕಳೆ ತೆಗೆಯಲು ಹೋಗುವಾಗ ಕೂಸನ್ನು ಬದುವಿನ ಮೇಲೆ ಮಲಗಿಸುತ್ತಿದ್ದಳು. ಕೂಸು ಅತ್ತರೆ ಸಾಲು ಬಿಟ್ಟು ಏಳುವ ಹಾಗಿರಲಿಲ್ಲ. ಅವಳು ಆ ತುದಿ ಮುಟ್ಟಿ ಈ ತುದಿಗೆ ಬರುವಷ್ಟರಲ್ಲಿ ಕೂಸು ಅತ್ತು ಅತ್ತು ನಿದ್ದೆ ಹೋಗಿರುತ್ತಿತ್ತು. ಆ ಕೂಸು ನಾನು, ಎಂದು ಅವನು ಬರೆದಿದ್ದ. ಅಷ್ಟು ಹೇಳಿ ಅಜ್ಜಿ ಹಿಟ್ಟಿನ ಮುದ್ದೆ ಪಕ್ಕಕ್ಕೆ ಇಟ್ಟಳು.

"ಅವನು ಬರೆದಿದ್ದು ಅಷ್ಟು. ಆದ್ರೆ ಅದು ಸರಿ ಇಲ್ಲ. ನಿದ್ದೆ ಎಲ್ಲಿ ಹೋಗಿರ್ತಿದ್ದ? ಎದ್ದು ಕೂತು ಮಣ್ಣು ತಿಂತಿದ್ದ. ನಾನು ಬಾಯಾಗೆ ಬೆರಳು ಹಾಕಿ ತೆಗೀತಿದ್ದೆ, ಆಮೇಲೆ ಮತ್ತೆ ಸಾಲಿಗೆ ಹೋಗ್ತಿದ್ದೆ. ಬರ್ಕೋ, ಅದನ್ನೂ ಬರ್ಕೋ."

ಬರೆದುಕೊಂಡೆ. ಮಾರನೇ ದಿನ ದೊಡ್ಡಪ್ಪ ಹೊಲಕ್ಕೆ ಹೊರಟಿದ್ದಾಗ ಬಾಗಿಲಲ್ಲಿ ಅಡ್ಡ ನಿಂತು ನೋಟ್ ಪುಸ್ತಕ ಕೊಟ್ಟೆ. ಅವನು ನಿಂತಲ್ಲೇ ಎರಡು ಹಾಳೆ ತಿರುವಿದ. ಚಪ್ಪಲಿ ಬಿಟ್ಟು ಒಳಗೆ ಬಂದು ಕಂಬಕ್ಕೆ ಒರಗಿ ಕೂತ. ಅವನು ಗಟ್ಟಿಯಾಗಿ ಓದಲು ಶುರುಮಾಡಿದ. ಓದುತ್ತಾ ಓದುತ್ತಾ ಒಂದು ಕಡೆ ತಡೆದು, ನಾನು ಗೀಟು ಹಾಕಿದ ಜಾಗ ಅಷ್ಟೂ ಐತೆ, ಎಂದು ತನಗೆ ತಾನೇ ಹೇಳಿಕೊಂಡ. ಉಳಿದದ್ದು ಎಲ್ಲಿ ಎಂದು ಕೇಳಲಿಲ್ಲ. ಬದುವಿನ ಕೂಸಿನದು ಬಂತು. ಮಣ್ಣು ತಿನ್ನುತ್ತಿದ್ದ ಎಂಬಲ್ಲಿಗೆ ಬಂದು ನಿಂತುಬಿಟ್ಟ.

"ಇದು ನಾನು ಬರೆದಿದ್ದಲ್ಲ."

"ನೀನು ಬರೆದಿದ್ದು ತಪ್ಪಿತ್ತು," ಎಂದಳು ಅಜ್ಜಿ ಒಳಗಿನಿಂದ. "ನಿನಗೆ ಹೆಂಗೆ ಗೊತ್ತಿರ್ತೈತೆ? ಕಣ್ಣಾರೆ ಕಂಡವಳು ನಾನು."

"ಮತ್ತೆ ಓದಿದಾಗಲೇ ಯಾಕೆ ಹೇಳಲಿಲ್ಲ ನೀನು?"

ನೀನು ಎಂದದ್ದು ಅವನಿಗೇ ಗೊತ್ತಾಗಲಿಲ್ಲ. ನಮ್ಮವ್ವನಿಗೆ ಗೊತ್ತಾಯಿತು, ಅವಳು ಸೆರಗು ಬಾಯಿಗೆ ಇಟ್ಟುಕೊಂಡಳು. ಅಜ್ಜಿ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲ ಚೌಕಟ್ಟಿಗೆ ಆತು ನಿಂತಳು.

"ನೀನು ಹನುಮಕ್ಕನ ಕೈ ನೋಡ್ತಾ ಕೂತಿದ್ದೆ. ನನ್ನ ಕೈ ಯಾವತ್ತು ನೋಡಿದೀಯ? ಅವತ್ತು ನೀನು ಅದನ್ನ ಓದುವಾಗ ಹಂಚಿನ ಮೇಲೆ ರೊಟ್ಟಿ ಕರಿಕಾಗಿತ್ತು. ಅದನ್ನೇ ನಿನ್ನ ತಟ್ಟೆಗೆ ಹಾಕಿದೆ. ತಿಂದೆ."

ದೊಡ್ಡಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಬಹಳ ಹೊತ್ತು ಒರೆಸಿದ. ಯಾರ ಕೈಯೂ ಆಡುತ್ತಿರಲಿಲ್ಲ. ಆಮೇಲೆ, ಅವ್ವ ಹಸಿವಾಗೈತೆ, ಒಂದು ರೊಟ್ಟಿ ತಾ, ಎಂದ. ಅಜ್ಜಿ ತಂದಳು. ತಿಂದು ಇನ್ನೊಂದು ಕೇಳಿದ. ಆ ಎರಡನೇ ರೊಟ್ಟಿಗೆ ನನಗೂ ಧೈರ್ಯ ಬಂತು. ಅವನ ಪಕ್ಕ ಕೂತು, ಗುರುತು ಹೇಳಿಕೊಟ್ಟವಳು ನಾನು ಎಂದು ಎಲ್ಲಾ ಒಪ್ಪಿಕೊಂಡು ಅತ್ತೆ. ನೋಟ್ ಪುಸ್ತಕದ ಪ್ರತಿ ಹಾಳೆಯ ಮೇಲೂ ಇದ್ದ ಶ್ರೀಯನ್ನು ಅವನು ಮತ್ತೆ ಒಂದೊಂದಾಗಿ ನೋಡಿದ. ನನ್ನ ತಲೆಯ ಮೇಲೆ ಕೈ ಇಟ್ಟು, ಹೋಗಿ ಪೆನ್ನು ತಾ ಸರೋಜ, ಎಂದ.

ಕೂಲಿ ಪುಸ್ತಕ ಅಚ್ಚಾದದ್ದು ಆ ನೋಟ್ ಪುಸ್ತಕದಿಂದ. ಅವನು ಬರೆದದ್ದರಲ್ಲಿ ಅದೇ ಚಿಕ್ಕದು, ಜನ ಕೈಯಿಂದ ಕೈಗೆ ದಾಟಿಸಿ ಓದಿದ್ದೂ ಅದನ್ನೇ. ಮೊದಲ ಪುಟದಲ್ಲಿ ಹನುಮಕ್ಕನ ಹೆಸರಿದೆ, ದುರುಗಮ್ಮನ ಹೆಸರಿದೆ, ಬೇರೆ ಎಲ್ಲರ ಹೆಸರಿಗಿಂತ ಮೊದಲು ಅಜ್ಜಿಯ ಹೆಸರಿದೆ. ಆಮೇಲಿನ ಅವನ ಕೈಬರಹದ ಹಾಳೆಗಳು ಈಗ ನನ್ನ ಹತ್ತಿರ ಇವೆ. ಎಲ್ಲದರ ನೆತ್ತಿಯ ಮೇಲೂ ಶ್ರೀ. ಅದನ್ನು ನೋಡಿದ ಕೆಲವರು ಮೇಷ್ಟ್ರು ಕೊನೆಗೆ ದೇವರ ಕಡೆ ತಿರುಗಿದರು ಎಂದು ಬರೆದಿದ್ದಾರೆ. ಅವನು ಸಾಯುವ ತನಕ ಲಿಂಗ ಕಟ್ಟಲಿಲ್ಲ, ಅಜ್ಜಿ ಇರುವ ತನಕ ಅದರ ಪೂಜೆ ಬಿಡಲಿಲ್ಲ. ಬೆಳಿಗ್ಗೆ ಎರಡು ಲಿಂಗದ ಪೂಜೆ ಮುಗಿಸಿ ಅವಳು ಅವನ ಕೋಣೆಗೆ ಹೋಗುವಳು. ಹಿಂದಿನ ದಿನ ಬರೆದ ಹಾಳೆಗಳನ್ನು ಎತ್ತಿ, ಕಣ್ಣಿಗೆ ಹತ್ತಿರ ಹಿಡಿದು, ಮೇಲಿನ ಅಂಚಿನಲ್ಲಿ ಬೆರಳು ಆಡಿಸಿ, ಐತೆ, ಐತೆ, ಐತೆ, ಎನ್ನುತ್ತಾ ಒಂದೊಂದೇ ಕೆಳಗಿಡುವಳು. ಒಂದು ದಿನ ನಡುವಿನ ಒಂದು ಹಾಳೆಗೆ ಬಂದು ನಿಂತಳು. ಅದನ್ನು ತಿರುಗಿಸಿ ಹಿಂದೆಯೂ ನೋಡಿ, ತಂದು ಅವನ ಮುಂದೆ ಇಟ್ಟಳು.

"ಇದ್ರಾಗೆ ಮರ್ತಿದೀಯ. ಹಾಕು."

ನೂರಾರು ಹುಡುಗರಿಗೆ ಯಾರ ಮುಂದೆಯೂ ತಲೆ ಬಾಗಿಸಬೇಡಿ ಎಂದು ಹೇಳಿಕೊಟ್ಟ ನಮ್ಮ ದೊಡ್ಡಪ್ಪ, ತಲೆ ಬಗ್ಗಿಸಿ, ಶ್ರೀ ಹಾಕಿದ.